ಎರಡನೇ ರಾತ್ರಿಗೆ ಮೊದಲು

ಹುಲಿ ತಾನು ಕೊಂದ ಹಸುವನ್ನು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವುದಿಲ್ಲ. ಒಂದಿಷ್ಟು ತಿಂದು, ಉಳಿದದ್ದನ್ನು ಪೊದೆಗೆ ಎಳೆದಿಟ್ಟು, ಕತ್ತಲಾದ ಮೇಲೆ ಮತ್ತೆ ಬರುತ್ತದೆ. ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ಕಾಡಂಚಿನ ಊರುಗಳಲ್ಲಿ ಇದು ಗೊತ್ತಿಲ್ಲದವರಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು.

ರಾಜ್ಯವೇ ಮರುಗಿತು. ಸ್ಟೇಟಸ್‌ಗಳಲ್ಲಿ ಕಣ್ಣೀರು ಹರಿಯಿತು. ವಿಷವಿಡುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲೇ ಆಗಲಿ, ಹಸು ಸತ್ತ ರಾತ್ರಿಗೂ ಹುಲಿ ಮರಳುವ ರಾತ್ರಿಗೂ ನಡುವೆ ಒಂದು ಹಗಲಿರುತ್ತದೆ. ಆ ಹಗಲಲ್ಲಿ ಹಸು ಕಳೆದುಕೊಂಡವರ ಅಂಗಳಕ್ಕೆ ಯಾರು ಹೋದರು ಎಂಬುದನ್ನು ನಾವು ಕೇಳುವುದೇ ಇಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಸರಗೂರು, ಹನೂರು ಕಡೆಯ ತಮ್ಮಂದಿರೇ, ತಂಗಿಯರೇ, ನಿಮ್ಮನ್ನು ಕರೆಯುತ್ತಿರುವುದು ಆ ಅಂಗಳಕ್ಕೆ.

ಅಲ್ಲಿನ ಮನೆಗಳಲ್ಲಿ ಸೀಮೆಹಸು ಎಂದರೆ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಎರಡು ಹೊತ್ತು ಡೇರಿಗೆ ಹಾಲು, ಆಮೇಲೆ ಕೈಗೆ ಬರುವ ಬಟವಾಡೆ. ಎಷ್ಟೋ ಕಡೆ ಹಸು ಬಂದದ್ದೇ ಸಂಘದ ಸಾಲದಲ್ಲಿ. ಹಸು ಸತ್ತರೂ ವಾರದ ಕಂತು ಸಾಯುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಹರಿದ ಹಗ್ಗ, ಮಣ್ಣಿನ ಮೇಲೆ ಎಳೆದ ಗುರುತು, ಬೇಲಿಯ ಮುಳ್ಳಿಗೆ ಸಿಕ್ಕಿದ ಕೂದಲು. ಮನೆಯವರು ದಿಕ್ಕು ತೋಚದೆ ಕೂತಿರುತ್ತಾರೆ. ಆ ಹೊತ್ತಿನಲ್ಲಿ ಅವರೆದುರು ಪರಿಸರದ ಬಗ್ಗೆ ಭಾಷಣ ಮಾಡಿದರೆ ಬೈಸಿಕೊಂಡೇ ಬರಬೇಕು, ಅದು ನ್ಯಾಯವೂ ಹೌದು.

ಮಾಡಬೇಕಾದ್ದು ಬೇರೆ ಇದೆ. ಕಳೇಬರವನ್ನು ಯಾರೂ ಅಲುಗಿಸದಂತೆ ನೋಡಿಕೊಳ್ಳಿ. ಜನ ತುಳಿದು ಅಳಿಸುವ ಮುಂಚೆ ಹೆಜ್ಜೆ ಗುರುತಿನ ಫೋಟೊ ತೆಗೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ವಲಯ ಕಚೇರಿಗೋ ಫೋನ್ ಮಾಡಿ, ಗಾರ್ಡ್ ಬರುವ ತನಕ ಮನೆಯವರ ಜೊತೆ ಕೂತಿರಿ. ಪಶುವೈದ್ಯರು ಬರಬೇಕು, ಮಹಜರು ಆಗಬೇಕು, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಸೇರಬೇಕು. ಒಂದು ಕಾಗದ ತಪ್ಪಿದರೂ ಪರಿಹಾರದ ಅರ್ಜಿ ಮೂಲೆಗೆ ಬೀಳುತ್ತದೆ. ಆನೆ ನುಗ್ಗಿ ರಾಗಿ, ಜೋಳ ಹಾಳಾಗಿದ್ದರೆ ಪಹಣಿಯೂ ಬೇಕು. ಆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಅದೇ ಒಂದು ದೊಡ್ಡ ಪುರಾಣ. ಓದು ಬಾರದ ಅಜ್ಜಿಯೊಬ್ಬರು ಇದನ್ನೆಲ್ಲ ಎಲ್ಲಿಂದ ಹೊಂದಿಸಬೇಕು? ಕಾಲೇಜು ಮೆಟ್ಟಿಲು ಹತ್ತಿದ, ಕೈಯಲ್ಲಿ ಫೋನಿರುವ ನಿಮಗೆ ಇದು ನೀರು ಕುಡಿದಷ್ಟು ಸಲೀಸು.

ಗುಮಾಸ್ತನ ಕೆಲಸವೆಂದು ಮೂಗು ಮುರಿಯಬೇಡಿ. 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯ ಕೃತಿ ಕಾರಂತ ಮತ್ತು ಸಂಗಡಿಗರು ‘ವೈಲ್ಡ್‌ಸೇವೆ’ ಹೆಸರಿನಲ್ಲಿ ಬಂಡೀಪುರ, ನಾಗರಹೊಳೆ ಸುತ್ತಿನ ನೂರಾರು ಹಳ್ಳಿಗಳಲ್ಲಿ ಮಾಡುತ್ತ ಬಂದಿರುವುದು ಈ ಕೆಲಸವನ್ನೇ. ಉಚಿತ ನಂಬರಿಗೆ ಕರೆ ಹೋದರೆ ಅವರ ಕಡೆಯವರು ಬಂದು, ಹಾನಿ ದಾಖಲಿಸಿ, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿಸುತ್ತಾರೆ. ಹುಲಿ, ಚಿರತೆ ನುಗ್ಗದಂಥ ಗಟ್ಟಿ ಕೊಟ್ಟಿಗೆಗಳನ್ನೂ ಕಟ್ಟಿಸಿಕೊಟ್ಟಿದ್ದಾರೆ. ಒಂದು ಸಂಸ್ಥೆ ಎಲ್ಲ ಅಂಗಳಗಳಿಗೂ ಹೊತ್ತಿಗೆ ಸರಿಯಾಗಿ ಮುಟ್ಟಲಾರದು. ಊರಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಎದ್ದು ನಿಂತರೆ ಮುಟ್ಟಬಹುದು.

ಹೊತ್ತು ಮೀರಿದರೆ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ಕಂಡಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿಗೆಂದು ಇಟ್ಟ ಬೋನಿನೊಳಗೆ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಪೇಟೆಯವರು ಅದನ್ನು ನೋಡಿ ನಕ್ಕರು. ಆ ಬೋನಿನಲ್ಲಿ ನಿಂತವರೂ ಕಡಿಮೆ ಸಂಬಳದ, ರಾತ್ರಿಯಿಡೀ ಆನೆ ಅಟ್ಟುವ ಜನ ಎಂಬುದು ನಗುವವರಿಗೆ ಹೊಳೆಯಲಿಲ್ಲ. ಸಿಟ್ಟಾದ ರೈತ, ಸೋತ ವಾಚರ್, ಇಬ್ಬರನ್ನೂ ಹೆಸರು ಹಿಡಿದು ಕರೆಯಬಲ್ಲವರು ಊರಿನ ಯುವಕರೇ. ಕಬ್ಬಿನ ಗದ್ದೆಗೆ ಚಿರತೆ ಬಂದಿತೆಂದರೆ ಸುತ್ತ ಜಾತ್ರೆ ನೆರೆಯುತ್ತದೆ, ನೂರು ಮೊಬೈಲ್ ಮೇಲೇಳುತ್ತವೆ. ರೀಲ್ಸ್ ಮಾಡುವ ಗೆಳೆಯನ ರಟ್ಟೆ ಹಿಡಿದು ಹಿಂದಕ್ಕೆ ಎಳೆಯುವ ಧೈರ್ಯ ಬೇಕು. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಬೈಗುಳ ಬೀಳಬಹುದು. ಬೀಳಲಿ.

ನಿಮ್ಮ ವಯಸ್ಸಿನವರಿಂದ ಏನಾದೀತು ಎಂದು ಯಾರಾದರೂ ಕೇಳಿದರೆ ಸರಗೂರಿನತ್ತ ಕೈ ತೋರಿಸಿ. ಅಲ್ಲಿ ಕೆಲಸ ಮಾಡುತ್ತ ಬಂದಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು 1984ರಲ್ಲಿ ಕಟ್ಟಿದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಆಗ ಮೈಸೂರಿನ ಮೆಡಿಕಲ್ ವಿದ್ಯಾರ್ಥಿಗಳು. ಅದಕ್ಕೂ ಮೊದಲು ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ್ದರು. ಇವರು ಹುಲಿಗಾಗಿ ಬಂದವರಲ್ಲ, ಜನರ ಜ್ವರಕ್ಕೂ ಮಕ್ಕಳ ಅಕ್ಷರಕ್ಕೂ ಬಂದವರು. ಆದರೂ ಕಾಡಿಗೆ ಇದರಿಂದ ಏನು ಲಾಭ ಎಂದು ಕೇಳುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಹೆರಿಗೆ ನೋವಿಗೆ ಆಂಬುಲೆನ್ಸ್ ಬಾರದ ಊರಿಗೆ ಹೋಗಿ ಹುಲಿ ಉಳಿಸಿ ಎನ್ನಲು ಯಾವ ಮುಖವಿದೆ?

ಇನ್ನು ಕಾಡನ್ನು ಬಲ್ಲವರ ಮಾತು. ಬೇಸಿಗೆಯ ಮೊದಲಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕಳೆ ಬಿಳಿಗಿರಿರಂಗನ ಬೆಟ್ಟವನ್ನು ನುಂಗಿತು ಎನ್ನುತ್ತಾರೆ ಅಲ್ಲಿನ ಸೋಲಿಗ ಬುಡಕಟ್ಟಿನ ಹಿರಿಯರು. ಲಂಟಾನ ದಟ್ಟವಾದ ಕಡೆ ಹುಲ್ಲು ಏಳದು, ಹುಲ್ಲಿಲ್ಲದೆ ಜಿಂಕೆ, ಕಡವೆಗಳಿಗೆ ಮೇವಿಲ್ಲ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮನ್ನಣೆ ಸಿಕ್ಕಿತು. ಹಕ್ಕುಪತ್ರವನ್ನು ಓದಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವವರು ಈಗ ಬೇಕಾಗಿದ್ದಾರೆ. ಸೋಲಿಗರ, ಜೇನುಕುರುಬರ ಹಾಡಿಗಳಲ್ಲಿ ಓದಿದ ಮಕ್ಕಳೇ, ನಿಮ್ಮ ತಾತಂದಿರಿಗೆ ತಿಳಿದದ್ದನ್ನು ಬರೆದಿಡಲು ಹೊರಗಿನ ಸಂಶೋಧಕರಿಗೆ ಕಾಯಬೇಡಿ.

ಬೆಂಗಳೂರು, ಮೈಸೂರಿನ ಗೆಳೆಯರಿಗೂ ಒಂದು ಮಾತು. ಸಫಾರಿ ಜೀಪಿನಿಂದ ಇಳಿದು ಒಂದು ಶನಿವಾರ ಪರಿಹಾರದ ಅರ್ಜಿಗಳ ಜೊತೆ ಕೂರಬಹುದು. ಒಂದು ಕೊಟ್ಟಿಗೆಗೆ ತಗಡು, ಜಾಲರಿಯ ದುಡ್ಡು ಹೊಂದಿಸಬಹುದು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563 ಎಂದಾಗ ನಾವೆಲ್ಲ ಎದೆಯುಬ್ಬಿಸಿದೆವು. ಅದರ ಬಾಡಿಗೆಯನ್ನು ಕಾಡಂಚಿನ ಬಡವರಷ್ಟೇ ಯಾಕೆ ಕಟ್ಟಬೇಕು?

ಸಂಘ ಕಟ್ಟಿ, ಹೆಸರಿಟ್ಟು, ಬ್ಯಾನರ್ ಬರೆಸುವ ಗಡಿಬಿಡಿ ಬೇಡ. ಅದೆಲ್ಲ ಆಮೇಲೆ ಆದೀತು. ಇವತ್ತು ಸಂಜೆ ಹಾಲು ಹಾಕುವ ಹೊತ್ತಿಗೆ ನಿಮ್ಮೂರ ಡೇರಿಗೆ ಹೋಗಿ. ಯಾರ ಕೊಟ್ಟಿಗೆಗೆ ಬಾಗಿಲಿಲ್ಲ, ಯಾರ ಅರ್ಜಿ ಇನ್ನೂ ಬಾಕಿ ಇದೆ ಎಂದು ಕ್ಯಾನ್ ಹಿಡಿದು ನಿಂತವರನ್ನು ಕೇಳಿ ಬರೆದುಕೊಳ್ಳಿ. ನಾಳೆ ಆ ಪಟ್ಟಿ ಹಿಡಿದು ವಲಯ ಕಚೇರಿಗೆ ಹೋಗಿ.