ಶರೀರದೊಳಗಣ ದಾಸೋಹ

 

ಈ ಕಾಯವು ಇಷ್ಟಲಿಂಗವನ್ನು ಧರಿಸುವ ಪೀಠವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಪೀಠದೊಳಗೆ ಹಗಲಿರುಳೂ ಸಾಗಿರುವ ಕಾಯಕವನ್ನು ಬಲ್ಲವರು ವಿರಳ. ಅದರ ವಿಷಯವಾಗಿ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಶರೀರದಲ್ಲಿ ಕೆಲವು ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಒಪ್ಪಿಸುತ್ತವೆ. ಆ ರಸವು ರಕ್ತದೊಡನೆ ಹರಿದು ದೂರದ ಅವಯವಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತದೆ. ಇಂಗ್ಲೆಂಡಿನ ಸ್ಟಾರ್ಲಿಂಗ್ ಪಂಡಿತರು 1905ರಲ್ಲಿ ಇಂತಹ ರಸಗಳನ್ನು ಹಾರ್ಮೋನುಗಳೆಂದು ಕರೆದರು. ಪ್ರಚೋದಿಸುವುದೆಂಬುದು ಆ ಹೆಸರಿನ ಗ್ರೀಕ್ ಮೂಲದ ಅರ್ಥ.

ಮಠದ ದಾಸೋಹದ ಉಗ್ರಾಣವನ್ನು ನೆನೆಯಿರಿ. ಸುಗ್ಗಿಯಲ್ಲಿ ಬಂದ ಧಾನ್ಯವನ್ನು ಒಳಗಿಡುವವರುಂಟು. ಭಕ್ತರು ಬಂದಾಗ ಹೊರತೆಗೆಯುವವರುಂಟು. ಊಟದ ತರುವಾಯ ರಕ್ತದಲ್ಲಿ ಸಕ್ಕರೆಯು ಏರಲಾಗಿ, ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಅದನ್ನು ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಕೂಡಿಡಿಸುತ್ತದೆ. ಉಪವಾಸದಲ್ಲಿ ಅದೇ ಗ್ರಂಥಿಯ ಗ್ಲುಕಗಾನ್ ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸುತ್ತದೆ. ಕೊರಳಲ್ಲಿರುವ ಥೈರಾಯಿಡ್ ಗ್ರಂಥಿಯ ರಸವು ಈ ವ್ಯಾಪಾರದ ವೇಗವನ್ನು ನಿಯಮಿಸುತ್ತದೆ.

ಇನ್ನು ಆಪತ್ಕಾಲದ ವ್ಯವಸ್ಥೆ. ದಾರಿಯಲ್ಲಿ ಸರ್ಪವನ್ನು ಕಂಡೊಡನೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಹೊರಡುತ್ತದೆ. ಎದೆಯು ವೇಗವಾಗಿ ಬಡಿಯುತ್ತದೆ, ಪಚನಕ್ರಿಯೆಯು ನಿಧಾನವಾಗುತ್ತದೆ, ಕೂಡಿಟ್ಟ ಸಕ್ಕರೆಯು ರಕ್ತಕ್ಕೆ ಬರುತ್ತದೆ. ಅದರ ಬೆನ್ನಲ್ಲೇ ಬರುವ ಕಾರ್ಟಿಸಾಲ್ ಎಂಬ ರಸವು ಈ ಸಿದ್ಧತೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಕಾರ್ಟಿಸಾಲ್ ಸಾಕಾದುದನ್ನು ಅರಿತು ಮಿದುಳು ತನ್ನ ಆಜ್ಞೆಯನ್ನು ತಗ್ಗಿಸುತ್ತದೆ. ಸಕಾಲದಲ್ಲಿ ಏಳುವುದೆಷ್ಟು ಮುಖ್ಯವೋ ಸಕಾಲದಲ್ಲಿ ಅಡಗುವುದೂ ಅಷ್ಟೇ ಮುಖ್ಯ. ಸಾಲದ ಚಿಂತೆ, ದಾಯಾದಿಗಳ ಕಲಹ, ಇವು ಮನಸ್ಸಿನಿಂದ ತೊಲಗದ ಸರ್ಪಗಳು. ಇವುಗಳಿಂದ ಆ ರಸಗಳ ಕ್ರಮವು ಕೆಟ್ಟು, ನಿದ್ರೆಯು ದೂರವಾಗಿ, ಮಧುಮೇಹವುಳ್ಳವರಿಗೆ ರಕ್ತದ ಸಕ್ಕರೆಯು ಏರಬಹುದು.

ಈಗ ಮುಖ್ಯವಾದ ಬಿನ್ನಹ. ಶಿವರಾತ್ರಿಯಂದು ಊಟವೇ ಇಲ್ಲದ ಮೇಲೆ ಔಷಧವೇಕೆಂದು ಭಾವಿಸಿ ಯಾರೂ ಇನ್ಸುಲಿನನ್ನು ತಾವಾಗಿ ಬಿಡಬಾರದು. ಇನ್ಸುಲಿನನ್ನು ಮಾಡುವ ಶಕ್ತಿಯೇ ಗ್ರಂಥಿಯಲ್ಲಿ ಉಡುಗಿಹೋದವರ ಯಕೃತ್ತು ಉಪವಾಸದಲ್ಲಿಯೂ ತಡೆಯಿಲ್ಲದೆ ಸಕ್ಕರೆಯನ್ನು ಸುರಿಸುತ್ತದೆ; ರಕ್ತವು ಆಮ್ಲವಾಗಿ ಪ್ರಾಣಾಪಾಯ ಒದಗುತ್ತದೆ. ಔಷಧವನ್ನು ಎಂದಿನಂತೆಯೇ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆಯು ತೀರ ಇಳಿದು ಮೂರ್ಛೆ ಬರಬಹುದು. ಆದುದರಿಂದ ವ್ರತಕ್ಕೆ ಮೊದಲೇ ವೈದ್ಯರನ್ನು ಕೇಳತಕ್ಕದ್ದು; ಅವರು ಬೇಡವೆಂದರೆ ಉಪವಾಸವನ್ನು ಬಿಡತಕ್ಕದ್ದು. ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಬಾಲಕನಿಗೆ ಇನ್ಸುಲಿನನ್ನು ಕೊಡುವವರೆಗೆ, ಇಂತಹ ಮಕ್ಕಳ ಆಯುಸ್ಸನ್ನು ಅರೆಹೊಟ್ಟೆಯ ಪಥ್ಯದಿಂದ ಕೆಲಕಾಲ ಎಳೆಯುವುದಷ್ಟೇ ಸಾಧ್ಯವಿತ್ತು. ಅಂತಹ ಔಷಧವು ವ್ರತಕ್ಕೆ ವಿರೋಧಿಯಾಗಲಾರದು.

ಲಿಂಗಪೂಜೆಯು ಮನಸ್ಸಿನ ಸರ್ಪವನ್ನು ಶಮನಗೊಳಿಸಲಿ. ಔಷಧವು ಗ್ರಂಥಿಯ ಕೊರತೆಯನ್ನು ತುಂಬಲಿ. ಒಂದನ್ನು ನೆಪಮಾಡಿ ಮತ್ತೊಂದನ್ನು ಬಿಡದಿರೋಣ.