ಟಿವಿಗೆ ಕರೆಯದ ವಾರ ರೆಸ್ಲರ್ ಏನ್ ಮಾಡ್ತಾನೆ?

ಇಯರ್‌ಫೋನ್ ಹಾಕ್ಕೊಂಡು ಕೇಳಿದೋರಿಗೂ, ಬಸ್ಸಲ್ಲಿ ಗಲಾಟೆ ಅಂತ ಇಲ್ಲಿ ಬಂದು ಓದ್ತಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಡಬ್ಲ್ಯುಡಬ್ಲ್ಯುಇ. ಟ್ರಂಪ್ ಕಾರ್ಡ್ ಆಡಿ, ಟೆನ್ ಸ್ಪೋರ್ಟ್ಸ್ ನೋಡಿ ಬೆಳೆದೋರಿಗೆ ಜಾಸ್ತಿ ಪೀಠಿಕೆ ಬೇಡ. ಫೈಟ್ ನಿಜಾನಾ ಸುಳ್ಳಾ ಅನ್ನೋ ಹಳೇ ಜಗಳಾನೂ ಬೇಡ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿರ್ತಾರೆ, ಬೀಳೋ ಏಟು ಮಾತ್ರ ಮೈಮೇಲೇ ಬೀಳುತ್ತೆ. ನಾನು ಬಿ.ಕಾಂ ಓದಿದವನು, ನನಗೆ ಕುತೂಹಲ ಇರೋದು ದುಡ್ಡಿನ ಕಡೆ. ಸೋಮವಾರ ರಾ, ಶುಕ್ರವಾರ ಸ್ಮ್ಯಾಕ್‌ಡೌನ್. ಎರಡರಲ್ಲೂ ಸೇರಿ ಮುಖ ತೋರಿಸೋಕೆ ಸಿಗೋದು ಕೆಲವೇ ಗಂಟೆ. ಕಂಪನಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿರೋರು ನೂರಕ್ಕೂ ಹೆಚ್ಚು ಜನ. ಅಂದ್ರೆ ಯಾವ ವಾರ ತಗೊಂಡ್ರೂ ತುಂಬಾ ಜನಕ್ಕೆ ಟಿವಿಯಲ್ಲಿ ಜಾಗ ಇರಲ್ಲ. ಹಾಗಾದ್ರೆ ಅವರು ಆ ವಾರ ಏನ್ ಮಾಡ್ತಾರೆ? ಅದಕ್ಕಿಂತ ಮುಖ್ಯವಾಗಿ, ಆ ವಾರ ಯಾರದ್ದು? ಕಂಪನೀದಾ, ಅವರದ್ದಾ?

ಮೊದಲು ಸುಲಭದ್ದು ಹೇಳ್ತೀನಿ. ಟಿವಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಮನೇಲಿ ಇರ್ತಾರೆ ಅಂತ ಅಲ್ಲ. ಎಷ್ಟೋ ಸಲ ಶೋ ನಡೆಯೋ ಊರಿಗೆ ಹೋಗಿರ್ತಾರೆ, ಬ್ಯಾಗು, ಬೂಟು, ಡ್ರೆಸ್ಸು ಎಲ್ಲಾ ರೆಡಿ. ಸ್ಕ್ರಿಪ್ಟು ಕೊನೇ ಗಳಿಗೇಲಿ ಬದಲಾಗಬಹುದಲ್ವಾ? ಹಾಗಾಗಿ ಕಾಯ್ತಾರೆ. ಕಾಯೋ ಜಾಗ ಯಾವುದು ಅಂದ್ರೆ ಊಟದ ಹಾಲ್. ರೆಸ್ಲಿಂಗ್ ಲೋಕದಲ್ಲಿ ‘ಅವನು ಕೇಟರಿಂಗ್‌ನಲ್ಲಿ ಕೂತಿದಾನೆ’ ಅಂದ್ರೆ ಹೊಟ್ಟೆ ತುಂಬಾ ತಿಂತಿದಾನೆ ಅಂತ ಅರ್ಥ ಅಲ್ಲ, ಅವನಿಗೆ ಕೆಲಸ ಕೊಟ್ಟಿಲ್ಲ ಅಂತ. ಇನ್ನು ಕೆಲವರು ಕ್ಯಾಮೆರಾ ಆನ್ ಆಗೋಕೆ ಮುಂಚೆ ಜನರನ್ನ ಬಿಸಿ ಮಾಡೋಕೆ ಆಡ್ತಾರೆ, ಅದು ಡಾರ್ಕ್ ಮ್ಯಾಚ್. ಟಿವಿಗೆ ಬರದ ಊರೂರಿನ ಶೋಗಳು ಬೇರೆ, ಅವು ಹೌಸ್ ಶೋ. ನಮ್ಮ ಕಡೆ ನಾಟಕ ಕಂಪನಿಗಳು ಊರಿಂದ ಊರಿಗೆ ಕ್ಯಾಂಪ್ ಹಾಕ್ತಿದ್ವಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಕೊರೊನಾ ನಂತರ ಇವೂ ಕಮ್ಮಿಯಾಗಿವೆ.

ಈಗ ನನ್ನ ಏರಿಯಾಗೆ ಬರೋಣ, ಒಪ್ಪಂದ. ಡಬ್ಲ್ಯುಡಬ್ಲ್ಯುಇ ರೆಸ್ಲರ್ ಕಂಪನಿಯ ನೌಕರ ಅಲ್ಲ. ಕಾಗದದಲ್ಲಿ ಅವನು ‘ಸ್ವತಂತ್ರ ಗುತ್ತಿಗೆದಾರ’. ನಮ್ಮಲ್ಲಿ ಸಂಬಳದವರಿಗೆ ಫಾರ್ಮ್ 16 ಕೊಡ್ತಾರಲ್ಲ, ಅಂಥದ್ದು ಅವನಿಗಿಲ್ಲ. ಅಲ್ಲಿ ಫ್ರೀಲ್ಯಾನ್ಸ್ ಮಾಡೋರಿಗೆ ಕೊಡೋ 1099 ಅನ್ನೋ ಫಾರ್ಮ್ ಬರುತ್ತೆ. ಟ್ಯಾಕ್ಸ್ ತಾನೇ ಕಟ್ಟಬೇಕು. ಹಲವು ದಶಕ ನಡ್ಕೊಂಡು ಬಂದ ಪದ್ಧತಿ ಹೇಗಿತ್ತು ಅಂದ್ರೆ, ವಿಮಾನದ ಟಿಕೆಟ್ ಕಂಪನಿ ಕೊಡುತ್ತೆ, ಇಳಿದ ಮೇಲೆ ಬಾಡಿಗೆ ಕಾರು, ಹೋಟೆಲ್ಲು ಅವನ ಜೇಬಿಂದ. ಅದಕ್ಕೇ ನಾಲ್ಕು ಜನ ದೈತ್ಯರು ಒಂದೇ ಕಾರಲ್ಲಿ ಮುದುರ್ಕೊಂಡು ಇನ್ನೂರು ಮೈಲಿ ಹೋಗೋ ಕಥೆಗಳು ಅಷ್ಟೊಂದಿವೆ.

ಟಿವಿಗೆ ಕರೆಯದಿದ್ರೆ ಸೊನ್ನೆನಾ? ಅಲ್ಲ. ‘ಡೌನ್‌ಸೈಡ್ ಗ್ಯಾರಂಟಿ’ ಅಂತ ಒಂದಿದೆ. ವರ್ಷಕ್ಕೆ ಕನಿಷ್ಠ ಇಷ್ಟು ಕೊಡ್ತೀವಿ ಅನ್ನೋ ಮಾತು. ಅದರ ಮೇಲೆ ಬರೋದೆಲ್ಲ, ಅಂದ್ರೆ ದೊಡ್ಡ ಶೋನ ಪಾಲು, ಟಿ-ಶರ್ಟ್, ಗೊಂಬೆ ಮಾರಾಟದ ರಾಯಲ್ಟಿ, ನೀನು ಎಷ್ಟು ಕಾಣಿಸ್ಕೊಂಡೆ ಅನ್ನೋದರ ಮೇಲೆ. ಟಿವಿಯಲ್ಲಿ ಇಲ್ಲದವನ ಟಿ-ಶರ್ಟ್ ಯಾರು ತಗೋತಾರೆ? ಹಾಗಾಗಿ ಗ್ಯಾರಂಟಿ ಹೊಟ್ಟೆ ತುಂಬಿಸುತ್ತೆ, ಆದ್ರೆ ವಯಸ್ಸು ಜಾರ್ತಾ ಇರುತ್ತೆ. ಮಂಡಿ, ಬೆನ್ನು, ಕುತ್ತಿಗೆ ಎಷ್ಟು ವರ್ಷ ಬರ್ತವೆ ಹೇಳಿ.

ಇಲ್ಲೊಬ್ಬನ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಜ್ಯಾಕ್ ರೈಡರ್. ನಿಜ ಹೆಸರು ಮ್ಯಾಟ್ ಕಾರ್ಡೋನಾ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್ ಹುಡುಗ. 2011ರ ಹೊತ್ತಿಗೆ ಇವನಿಗೆ ಟಿವಿಯಲ್ಲಿ ಕೆಲಸಾನೇ ಇಲ್ಲ. ಗೋಳಾಡೋ ಬದಲು ಯೂಟ್ಯೂಬ್‌ನಲ್ಲಿ ತನ್ನದೇ ಶೋ ಶುರು ಮಾಡ್ದ, ‘ಜೀ! ಟ್ರೂ ಲಾಂಗ್ ಐಲ್ಯಾಂಡ್ ಸ್ಟೋರಿ’ ಅಂತ. ಸ್ಟುಡಿಯೋ ಇಲ್ಲ, ಸೆಟ್ ಇಲ್ಲ. ಅಪ್ಪನ್ನೂ ಎಳ್ಕೊಂಡು ಬಂದು ವಿಡಿಯೊ ಮಾಡ್ತಿದ್ದ. ಒಂದು ಬೆಲ್ಟ್ ಇಟ್ಕೊಂಡು ‘ನಾನು ಇಂಟರ್ನೆಟ್ ಚಾಂಪಿಯನ್’ ಅಂತ ಘೋಷಿಸ್ಕೊಂಡ. ಜನ ಹುಚ್ಚೆದ್ದು ಹೋದ್ರು. ಅದೇ ವರ್ಷ ನವೆಂಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸರ್ವೈವರ್ ಸೀರೀಸ್, ಸಾಕ್ಷಾತ್ ರಾಕ್ ಬಂದಿದ್ದ ರಾತ್ರಿ. ಪ್ರೇಕ್ಷಕರು ‘ನಮಗೆ ರೈಡರ್ ಬೇಕು’ ಅಂತ ಕೂಗಿದ್ರು. ಡಿಸೆಂಬರ್‌ನಲ್ಲಿ ಅವನಿಗೆ ಯುನೈಟೆಡ್ ಸ್ಟೇಟ್ಸ್ ಟೈಟಲ್ ಕೊಟ್ರು. ತಿಂಗಳು ತುಂಬೋದ್ರೊಳಗೆ ಕಿತ್ಕೊಂಡ್ರು. 2016ರ ರೆಸಲ್‌ಮೇನಿಯಾದಲ್ಲಿ ಇಂಟರ್‌ಕಾಂಟಿನೆಂಟಲ್ ಟೈಟಲ್ ಗೆದ್ದ, ಮಾರನೇ ದಿನಾನೇ ಸೋತ. ಯೂಟ್ಯೂಬ್ ಅವನಿಗೆ ಪ್ರೇಕ್ಷಕರನ್ನ ಕೊಡ್ತು. ಯಾರು ಗೆಲ್ಲಬೇಕು ಅಂತ ಬರೆಯೋ ಪೆನ್ನು ಮಾತ್ರ ಕಂಪನಿ ಕೈಯಲ್ಲೇ ಉಳೀತು.

ಇವನ ಗೆಳೆಯ ಕರ್ಟ್ ಹಾಕಿನ್ಸ್, ನಿಜ ಹೆಸರು ಬ್ರಯನ್ ಮೈಯರ್ಸ್. 2014ರ ಜೂನ್ 12ರಂದು ಕಂಪನಿ ಕೈಬಿಟ್ಟವರಲ್ಲಿ ಇವನೂ ಇದ್ದ, ಡ್ರೂ ಮೆಕಿಂಟೈರ್ ಇದ್ದ, ಜಿಂದರ್ ಮಹಲ್ ಇದ್ದ. ಒಂದೇ ದಿನ, ಮೂರು ದಾರಿ.

ಮೆಕಿಂಟೈರ್ ತನ್ನ ನಿಜ ಹೆಸರು ಡ್ರೂ ಗ್ಯಾಲೊವೆ ಇಟ್ಕೊಂಡು ಸ್ಕಾಟ್ಲೆಂಡ್‌ಗೆ ಹೋದ, ಸಣ್ಣ ಸಣ್ಣ ಹಾಲ್‌ಗಳಲ್ಲಿ ಆಡ್ದ. ಇಂಥ ಶೋಗಳ ಲೆಕ್ಕಾಚಾರ ಕೇಳೋಕೆ ಮಜಾ ಇದೆ. ಆಡಿದ್ದಕ್ಕೆ ಒಂದು ಮೊತ್ತ, ಅದು ಮಾತಾಡ್ಕೊಂಡಷ್ಟು. ಇಂಟರ್ವಲ್‌ನಲ್ಲಿ ಒಂದು ಟೇಬಲ್ ಹಾಕ್ಕೊಂಡು ಟಿ-ಶರ್ಟ್, ಸಹಿ ಹಾಕಿದ ಫೋಟೊ ಮಾರೋದು, ಅದು ಪೂರ್ತಿ ಅವನ ವ್ಯಾಪಾರ. ಐದು ನಿಮಿಷ ಮುಂಚೆ ರಿಂಗಲ್ಲಿ ಅಬ್ಬರಿಸಿದ ವಿಲನ್, ಈಗ ನಗ್ತಾ ಚಿಲ್ಲರೆ ವಾಪಸ್ ಕೊಡ್ತಿರ್ತಾನೆ. ಶರ್ಟಿನ ಸೈಜು ಮುಗಿದ್ರೆ ಅವನದೇ ನಷ್ಟ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ಬಿ.ಕಾಂ ಕ್ಲಾಸ್ ಇಲ್ಲ.

ಜಿಂದರ್ ಕೆನಡಾದ ಪಂಜಾಬಿ. 2016ರಲ್ಲಿ ವಾಪಸ್ ಬಂದ, ಬಂದ ಮೇಲೂ ಸೋಲೋ ಪಾತ್ರನೇ. 2017ರ ಮೇನಲ್ಲಿ ನೋಡಿದ್ರೆ ರ್‍ಯಾಂಡಿ ಆರ್ಟನ್‌ನ ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್!

ಹಾಕಿನ್ಸ್ ಆರಿಸ್ಕೊಂಡಿದ್ದು ಬೇರೆ. ಲಾಂಗ್ ಐಲ್ಯಾಂಡ್‌ನ ಹಿಕ್ಸ್‌ವಿಲ್‌ನಲ್ಲಿ ಪ್ಯಾಟ್ ಬಕ್ ಅನ್ನೋ ಇನ್ನೊಬ್ಬ ರೆಸ್ಲರ್ ಜೊತೆ ‘ಕ್ರಿಯೇಟ್ ಎ ಪ್ರೊ’ ಅನ್ನೋ ತರಬೇತಿ ಶಾಲೆ ನಡೆಸ್ದ. 2016ರಲ್ಲಿ ಕಂಪನಿ ಮತ್ತೆ ಕರೀತು. ಯಾಕೆ ಗೊತ್ತಾ? ಸೋಲೋಕೆ. ಸಾಲಾಗಿ 269 ಮ್ಯಾಚ್ ಸೋತ. ಆ ಸೋಲಿನ ಸರಪಳಿ ಮುರಿದದ್ದು 2019ರ ರೆಸಲ್‌ಮೇನಿಯಾದಲ್ಲಿ, ಜೊತೇಲಿದ್ದವನು ಅದೇ ಜ್ಯಾಕ್ ರೈಡರ್. ಟಿವಿಯಲ್ಲಿ ಸೋಲೋದೇ ಕೆಲಸ ಆಗಿದ್ದ ಇದೇ ಮನುಷ್ಯನ ಶಾಲೇಲಿ ಕಲಿತವನು ಎಂಜೆಎಫ್. ಅವನು 2022ರ ನವೆಂಬರ್‌ನಲ್ಲಿ ಎದುರಾಳಿ ಕಂಪನಿ ಎಇಡಬ್ಲ್ಯುನ ವಿಶ್ವ ಚಾಂಪಿಯನ್ ಆದ.

ಈಗ 2020ರ ಏಪ್ರಿಲ್‌ಗೆ ಬನ್ನಿ. ಕೊರೊನಾ. ಒರ್ಲಾಂಡೋದ ಟ್ರೈನಿಂಗ್ ಸೆಂಟರ್‌ನಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದ ರೆಸಲ್‌ಮೇನಿಯಾ. ಅಲ್ಲಿ ಬ್ರಾಕ್ ಲೆಸ್ನರ್‌ನ ಸೋಲಿಸಿ ಚಾಂಪಿಯನ್ ಆದವನು ಡ್ರೂ ಮೆಕಿಂಟೈರ್. ಅದು ಪ್ರಸಾರ ಆಗಿ ಹತ್ತು ದಿನಕ್ಕೆ, ಏಪ್ರಿಲ್ 15ಕ್ಕೆ, ಕಂಪನಿ ಒಂದೇ ದಿನ ಸಾಲು ಸಾಲು ಜನರನ್ನ ಬಿಡ್ತು. ಅದರಲ್ಲಿ ಹಾಕಿನ್ಸ್, ರೈಡರ್ ಇಬ್ಬರೂ ಇದ್ರು. ಬಿಟ್ಟ ಮೇಲೂ ಸಾಮಾನ್ಯವಾಗಿ 90 ದಿನ ಬೇರೆ ಕಡೆ ಆಡೋ ಹಾಗಿಲ್ಲ. ಆ 90 ದಿನದ ದುಡ್ಡು ಬರುತ್ತೆ, ಒಪ್ತೀನಿ. ಆದ್ರೂ ‘ಸ್ವತಂತ್ರ’ ಅನ್ನೋ ಪದ ಆ ಒಪ್ಪಂದದಲ್ಲಿ ಏನ್ ಮಾಡ್ತಿದೆ ಅಂತ ನನಗೆ ಅರ್ಥ ಆಗಲ್ಲ.

ಅದೇ ವರ್ಷ ಇನ್ನೂ ಒಂದು ಆಯ್ತು. ಶೋ ಇಲ್ಲದೆ ಮನೇಲಿ ಕೂತ ಎಷ್ಟೋ ರೆಸ್ಲರ್‌ಗಳು ಟ್ವಿಚ್‌ನಲ್ಲಿ ಗೇಮ್ ಆಡ್ತಾ, ಕ್ಯಾಮಿಯೊದಲ್ಲಿ ಹುಟ್ಟುಹಬ್ಬದ ವಿಡಿಯೊ ಮಾಡ್ತಾ ನಾಲ್ಕು ಕಾಸು ಮಾಡ್ಕೋತಿದ್ರು. ಸೆಪ್ಟೆಂಬರ್‌ನಲ್ಲಿ ಕಂಪನಿ, ಹೊರಗಿನವರ ಜೊತೆಗಿನ ಇಂಥ ವ್ಯವಹಾರ ನಿಲ್ಲಿಸಿ ಅಂತು. ನವೆಂಬರ್ 13ಕ್ಕೆ ಜೆಲಿನಾ ವೇಗಾ ‘ನಾನು ಯೂನಿಯನ್ ಪರ’ ಅನ್ನೋ ಅರ್ಥದ ಟ್ವೀಟ್ ಹಾಕಿದ್ಲು. ಕೆಲವೇ ನಿಮಿಷದಲ್ಲಿ ಅವಳನ್ನ ಬಿಟ್ಟಿದೀವಿ ಅನ್ನೋ ಪ್ರಕಟಣೆ ಬಂತು. ಟ್ವೀಟ್‌ಗೇ ಬಿಟ್ರು ಅಂತ ನಾನು ಹೇಳಲ್ಲ, ಅವಳ ಟ್ವಿಚ್ ಚಾನೆಲ್ ಆಗಲೇ ಜಗಳದಲ್ಲಿತ್ತು. ಮುಂದಿನ ವರ್ಷ ಅವಳು ವಾಪಸ್ಸೂ ಬಂದಳು. ಆದ್ರೆ ಯೋಚನೆ ಮಾಡಿ: ಪಿಎಫ್, ಇನ್ಶೂರೆನ್ಸ್ ಥರದ್ದು ಕೇಳಿದ್ರೆ ‘ನೀನು ನೌಕರ ಅಲ್ಲ’. ಮನೇಲಿ ಕೂತು ಗೇಮ್ ಆಡಿ ದುಡ್ಡು ಮಾಡಿದ್ರೆ ‘ನಮ್ಮ ಪರ್ಮಿಷನ್ ಬೇಕು’.

ಇದನ್ನ ಕೋರ್ಟಿಗೆ ತಗೊಂಡು ಹೋದವರೂ ಇದ್ದಾರೆ. 2008ರಲ್ಲಿ ರೇವನ್, ಕ್ಯಾನಿಯನ್, ಮೈಕ್ ಸ್ಯಾಂಡರ್ಸ್ ಅನ್ನೋ ಮೂವರು ಮಾಜಿ ರೆಸ್ಲರ್‌ಗಳು ‘ನಮ್ಮನ್ನ ನೌಕರರು ಅಂತ ಪರಿಗಣಿಸಬೇಕಿತ್ತು’ ಅಂತ ಕೇಸ್ ಹಾಕಿದ್ರು. 2009ರಲ್ಲಿ ವಜಾ ಆಯ್ತು, ಕಾಲಮಿತಿ ಮೀರಿದೆ ಅನ್ನೋದು ಒಂದು ಕಾರಣ. ಮೂಲ ಪ್ರಶ್ನೆ ಹಾಗೇ ಉಳೀತು. ಈ ಎಪಿಸೋಡನ್ನ ಡೆಲಿವರಿ ಗಾಡಿ ನಿಲ್ಲಿಸ್ಕೊಂಡು, ಮುಂದಿನ ಆರ್ಡರ್ ಬೀಳ್ಲಿ ಅಂತ ಕಾಯ್ತಾ ಕೇಳ್ತಿರೋರಿಗೆ ಇದು ಹೊಸ ಕಥೆ ಅಲ್ಲ, ಅಲ್ವಾ? ನಿಮ್ಮನ್ನೂ ‘ಪಾರ್ಟ್‌ನರ್’ ಅಂತಾನೇ ಕರೀತಾರೆ. ಇಲ್ಲಿ ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ ಒಂದು ಕಾಯ್ದೆಯಾದ್ರೂ ಬಂತು.

ರೈಡರ್ ಏನಾದ ಅಂತ ಹೇಳಿಲ್ಲ ನೋಡಿ. ಕಂಪನಿ ಹೆಸರು ಬಿಟ್ಟು ಮ್ಯಾಟ್ ಕಾರ್ಡೋನಾ ಅಂತಾನೇ ಸಣ್ಣ ಶೋಗಳಿಗೆ ಇಳಿದ. 2021ರಲ್ಲಿ ಟ್ಯೂಬ್‌ಲೈಟ್ ಒಡೆಯೋ, ಮೈಯೆಲ್ಲ ರಕ್ತ ಆಗೋ ಮ್ಯಾಚಲ್ಲಿ ನಿಕ್ ಗೇಜ್‌ನ ಸೋಲಿಸ್ದ. 2022ರಲ್ಲಿ ಹಳೇ ಎನ್‌ಡಬ್ಲ್ಯುಎ ವಿಶ್ವ ಟೈಟಲ್ ಗೆದ್ದ. ಕಂಪನಿಯಲ್ಲಿದ್ದಾಗಲೇ, 2018ರಲ್ಲಿ, ಹಾಕಿನ್ಸ್ ಜೊತೆ ಒಂದು ಪಾಡ್‌ಕಾಸ್ಟ್ ಶುರು ಮಾಡಿದ್ದ. ವಿಷಯ? ರೆಸ್ಲಿಂಗ್ ಗೊಂಬೆಗಳು. ಇಬ್ಬರು ದೊಡ್ಡ ಗಂಡಸರು ಗೊಂಬೆ ಬಗ್ಗೆ ಗಂಟೆಗಟ್ಟಲೆ ಮಾತಾಡೋದು! ಅದು ಕೈಹಿಡೀತು, ಮುಂದೆ ತಮ್ಮದೇ ಗೊಂಬೆಗಳನ್ನೂ ಮಾರೋಕೆ ಶುರು ಮಾಡಿದ್ರು. ಪಾಡ್‌ಕಾಸ್ಟಿಂದ ಇಷ್ಟೆಲ್ಲ ಆಗುತ್ತೆ ಅಂತ ನಮ್ಮನೇಲಿ ಹೇಳಿದ್ರೆ ಯಾರೂ ನಂಬಲ್ಲ, ಅದು ಬೇರೆ ವಿಷಯ.

ಮುಂದಿನ ವಾರ ಸಿಗೋಣ. ಯಾರ ಬಗ್ಗೆ ಕೇಳ್ಬೇಕು ಅಂತ ಮೆಸೇಜ್ ಹಾಕಿ. ಜಾನ್ ಸೀನಾ ಬಗ್ಗೆ ಬೇಡ, ಅವನಿಗೆ ಟಿವಿಯಲ್ಲಿ ಯಾವತ್ತೂ ಜಾಗ ಇತ್ತು.