ಜಾಕ್‌ವೆಲ್ಲಿನ ಮೇಲ್ಬದಿಯಲ್ಲಿ ಯಾರಿದ್ದಾರೆ?

(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ನಲ್ಲಿಯಲ್ಲಿ ನೀರು ಬರಲೆಂದು ನಾವು ಪುರಸಭೆಯ ಮುಂದೆ ಎಷ್ಟೋ ಸಲ ಕೂತಿದ್ದೇವೆ. ಆ ನೀರನ್ನು ಹೊಳೆಯಿಂದ ಎತ್ತುವ ಜಾಕ್‌ವೆಲ್ಲಿನ ಮೇಲ್ಬದಿಯಲ್ಲಿ ಯಾರ ಗೋದಾಮಿದೆ, ಅದರೊಳಗೆ ಏನಿದೆ ಎಂಬುದನ್ನೂ ಇನ್ನು ಕೇಳಬೇಕಾಗಿದೆ.

ಅಮೆರಿಕಾದ ವೆಸ್ಟ್ ವರ್ಜೀನಿಯಾ ಕಲ್ಲಿದ್ದಲ ಗಣಿಗಳ ಸೀಮೆ. ಅದರ ರಾಜಧಾನಿ ಚಾರ್ಲ್ಸ್‌ಟನ್ನಿಗೆ ಎಲ್ಕ್ ನದಿಯ ನೀರು. ಸರಬರಾಜು ಖಾಸಗಿ ಕಂಪನಿಯದು. 2014ರ ಜನವರಿ 9ರಂದು ಬೆಳಿಗ್ಗೆ ಜನರ ಮೂಗಿಗೆ ಜ್ಯೇಷ್ಠಮಧುವಿನಂಥ ವಾಸನೆ ಬಡಿಯಿತು. ದೂರು ಬಂದು, ಸರಕಾರದ ಪರೀಕ್ಷಕರು ಜಾಡು ಹಿಡಿದು ಹೋದರೆ, ನದಿಯ ದಡದಲ್ಲಿ ಫ್ರೀಡಂ ಇಂಡಸ್ಟ್ರೀಸ್ ಎಂಬ ಕಂಪನಿಯ ಹಳೆಯ ಟ್ಯಾಂಕಿಯ ತಳ ತೂತಾಗಿ, ಕಲ್ಲಿದ್ದಲು ತೊಳೆಯುವ ರಾಸಾಯನಿಕ ಸೋರುತ್ತಿತ್ತು. ಸುತ್ತಲಿನ ತಡೆಗೋಡೆಯೂ ಅದನ್ನು ಹಿಡಿದಿಡಲಿಲ್ಲ. ಸೋರಿದ್ದು ಸುಮಾರು 10,000 ಗ್ಯಾಲನ್. ನಗರಕ್ಕೆ ನೀರೆತ್ತುವ ಜಾಗ ಅಲ್ಲಿಂದ ಕೆಳಕ್ಕೆ ಬರೀ ಒಂದೂವರೆ ಮೈಲಿ!

ಬೇರೆ ಜಲಮೂಲವಿರಲಿಲ್ಲ. ಪಂಪು ನಿಲ್ಲಿಸಿದರೆ ಕೊಳವೆಗಳೇ ಬರಿದಾಗುತ್ತವೆಂದು ನೀರಿನ ಕಂಪನಿ ನಿಲ್ಲಿಸಲೂ ಇಲ್ಲ. ಆ ಸಂಜೆ 3 ಲಕ್ಷ ಜನರಿಗೆ ಅಪ್ಪಣೆಯಾಯಿತು: ಕುಡಿಯಬೇಡಿ, ಅಡಿಗೆಗೆ ಬಳಸಬೇಡಿ, ಸ್ನಾನಕ್ಕೂ ಬೇಡ. ಕುದಿಸಿದರೂ ಪ್ರಯೋಜನವಿಲ್ಲ. ಕಕ್ಕಸಿಗೆ ಸುರಿಯಲು, ಬೆಂಕಿ ಆರಿಸಲು ಮಾತ್ರ ಆ ನೀರು. ಹಲವರಿಗೆ ಇದು ಒಂದು ವಾರವನ್ನೂ ಮೀರಿತು.

ಟ್ಯಾಂಕಿಯ ಯಜಮಾನರು ಏನು ಮಾಡಿದರು? ಎಂಟೇ ದಿನಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಅಧ್ಯಕ್ಷನಿಗೆ 2016ರಲ್ಲಿ ಆದ ಸಜೆ 30 ದಿನ. ನಮ್ಮಲ್ಲಿ ಸೈಕಲ್ ಕದ್ದವನಿಗೂ ಇಷ್ಟು ಅಗ್ಗವಾಗಿ ಮುಗಿಯುವುದಿಲ್ಲ. ಟ್ಯಾಂಕಿಗಳ ತಪಾಸಣೆಗೆ 2014ರಲ್ಲೇ ಕಾನೂನು ಬಂತು, ನಿಜ. ಮರುವರ್ಷ ಉದ್ಯಮಿಗಳ ಒತ್ತಡಕ್ಕೆ ಅದನ್ನು ಸಡಿಲಿಸಿ, ಬಹಳಷ್ಟು ಟ್ಯಾಂಕಿಗಳನ್ನು ಹೊರಗೆ ಬಿಟ್ಟರು.

ಶುದ್ಧೀಕರಣ ಘಟಕ ಇದೆಯಲ್ಲ ಎಂದು ಇಂಜಿನಿಯರರು ನಮಗೆ ಸಮಾಧಾನ ಹೇಳಬಹುದು. ಪಟಿಕ ಹಾಕಿ ಕೆಸರು ಇಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸುವುದು, ಇವೆಲ್ಲ ಕೆಸರಿಗೂ ರೋಗಾಣುಗಳಿಗೂ ಆಯಿತು. ನೀರಿನಲ್ಲಿ ಕರಗಿಹೋದ ರಾಸಾಯನಿಕಕ್ಕೆ ಅವು ಸಾಲವು. ಚಾರ್ಲ್ಸ್‌ಟನ್ನಿನಲ್ಲಿ ಇದ್ದಿಲಿನ ಸೋಸುವಿಕೆಯೂ ಇತ್ತು, ಅದೂ ಸೋತಿತು.

ಆದುದರಿಂದ ಪುರಸಭೆಯ ಮುಂದಿನ ಸಭೆಗೆ ನಾವು ಕೊಡುವ ಮನವಿಯಲ್ಲಿ ಇಷ್ಟಿರಲಿ: ಮೇಲ್ಬದಿಯ ಎರಡೂ ದಡಗಳ ಕಾರ್ಖಾನೆ, ಗೋದಾಮು, ಚರಂಡಿಗಳ ಪಟ್ಟಿ ಕಚೇರಿಯ ಗೋಡೆಯ ಮೇಲೆ ಬರಬೇಕು, ವಾಸನೆಯೋ ಬಣ್ಣವೋ ಕೆಟ್ಟ ಕೂಡಲೇ ಪಂಪು ನಿಲ್ಲಿಸುವ ಅಧಿಕಾರ ಜಾಕ್‌ವೆಲ್ಲಿನಲ್ಲಿ ದುಡಿಯುವವನಿಗೇ ಇರಬೇಕು, ಹಾಗೆ ನಿಲ್ಲಿಸಿದಾಗ ಊರಿಗೆ ಎರಡು ದಿನಕ್ಕಾಗುವಷ್ಟು ನೀರು ಮೇಲ್ತೊಟ್ಟಿಗಳಲ್ಲಿರಬೇಕು. ಸಹಿ ಸಂಗ್ರಹ ನಾಳಿನ ಸಂತೆಯಲ್ಲೇ ಶುರುವಾಗಲಿ.